ಮೈನಸ್ ಒಂದು

ಲಾರಿ ಚಾಲಕನ ಪರ ವಕೀಲರು ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಗಣಿತದ ಮೇಷ್ಟ್ರ ಮುಂದೆ ಒಂದು ಗ್ರಾಫ್ ಹಾಳೆ ಇಟ್ಟರು. ಅಪಘಾತದ ಜಾಗದಲ್ಲಿ ಪೊಲೀಸರು ಅಳೆದು ಗುರುತಿಸಿದ ಎರಡು ಟೈರಿನ ಗೆರೆಗಳು ಅದರಲ್ಲಿದ್ದವು. ಒಂದು ಲಾರಿಯದು, ಇನ್ನೊಂದು ಸತ್ತ ಹುಡುಗಿಯ ಸ್ಕೂಟರಿನದು.

“ಎರಡೂ ಗಾಡಿ ಒಂದೇ ದಿಕ್ಕಿಗೆ ಹೋಗ್ತಿದ್ವು, ಲಾರಿ ಹಿಂದಿನಿಂದ ಗುದ್ದಿತು ಅಂತ ದೂರು ಕೊಟ್ಟವರು ನೀವು. ಮೂವತ್ತು ವರ್ಷ ಪಾಠ ಮಾಡಿದ್ದೀರಿ, ನೀವೇ ಲೆಕ್ಕ ಮಾಡಿ ಹೇಳಿ. ಲಾರಿ ಗೆರೆಯ ಇಳಿಜಾರು ಎಷ್ಟು?”

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಚೌಕಗಳನ್ನು ಎಣಿಸಿದರು. “ಅರ್ಧ.”

“ಸ್ಕೂಟರಿನದು?”

“ಮೈನಸ್ ಎರಡು.”

“ಎರಡನ್ನೂ ಗುಣಿಸಿದ್ರೆ?”

“ಮೈನಸ್ ಒಂದು.”

“ಹಾಗಂದ್ರೆ?”

“ಎರಡೂ ಗೆರೆ ಒಂದಕ್ಕೊಂದು ಲಂಬ.”

“ಅಂದ್ರೆ ಲಾರಿ ಹಿಂದಿನಿಂದ ಬಂದಿಲ್ಲ. ಸ್ಕೂಟರೇ ಅಡ್ಡರಸ್ತೆಯಿಂದ ನುಗ್ಗಿದೆ. ತಪ್ಪು ಹುಡುಗೀದೇ. ಅಲ್ವಾ ಮೇಷ್ಟ್ರೇ?”

ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಮೇಷ್ಟ್ರು ಅದನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ನ್ಯಾಯಾಧೀಶರು ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: “ಅವಸರ ಏನಿಲ್ಲ. ಬೇಕಾದ್ರೆ ಇನ್ನೊಂದು ಸಲ ಲೆಕ್ಕ ಮಾಡಿ ನೋಡಿ.”

“ಬೇಡ ಸ್ವಾಮಿ, ಸರಿಯಾಗೇ ಇದೆ. ಬೇಕಾದ ಉತ್ತರ ಬರೋ ಹಾಗೆ ಲೆಕ್ಕ ತಿದ್ದಿದ್ಲು ಅಂತ ಒಂದು ಸಲ ನನ್ನ ಮಗಳಿಗೆ ಬಾರಿಸಿದ್ದೆ.”

ಮೇಷ್ಟ್ರು ಸ್ಕೂಟರಿನ ಗೆರೆಯ ಮೇಲೆ ಬೆರಳಿಟ್ಟರು.

“ಇವಳಿಗೇ.”