ಹೆಬ್ಬೆರಳಿನ ರೌಂಡ್ ಕಟಿಂಗ್

ಟೇಪು ಹಿಡಿದು ಗಿರಾಕಿಯ ಸೊಂಟ ಸುತ್ತುತ್ತಿದ್ದ ದರ್ಜಿಯ ಬಲಗಾಲಿನ ಹೆಬ್ಬೆರಳು ಹೊಲಿಗೆ ಮಷೀನಿನ ಕಾಲಿಗೆ ತಗುಲಿತು. "ಅಯ್ಯಯ್ಯೋ!" ಎಂದು ಅವನು ಕೂಗಿದ ರಭಸಕ್ಕೆ ಗಿರಾಕಿ, ತನ್ನ ಸೊಂಟದ ಅಳತೆ ನೋಡಿಯೇ ಹೀಗೆ ಗಾಬರಿಯಾದನೆಂದು ತಿಳಿದು, ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ನಿಂತ.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಹೆಂಡತಿ ಎದ್ದು ಬಂದಳು. "ಏನ್ರೀ ಅದು? ಶೂ ಬಿಚ್ಚಿ, ನೋಡೋಣ."

"ಏನೂ ಇಲ್ಲ ಕಣೆ. ಸ್ವಲ್ಪ ತಗುಲ್ತು, ಅಷ್ಟೆ."

"ಸ್ವಲ್ಪ ತಗುಲಿದ್ದಕ್ಕೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರಾ?" ಎಂದವಳೇ ಶೂ, ಕಾಲುಚೀಲ ಎರಡನ್ನೂ ಕಿತ್ತಳು. ಗಿರಾಕಿ ಮೂಗು ಮುಚ್ಚಿಕೊಂಡು, ಅಳತೆ ಆಮೇಲೆ ಕೊಡುವೆನೆಂದು ಹೊರಟೇಹೋದ. ಹೆಬ್ಬೆರಳು ಕೆಂಪಗೆ ಊದಿತ್ತು. ಉಗುರಿನ ಮೂಲೆ ಮಾಂಸದೊಳಗೆ ಇಳಿದು ಕೀವು ತುಂಬಿತ್ತು. ಬೆವರಿದ ಕಾಲುಚೀಲದಲ್ಲೇ ದಿನವಿಡೀ ಇದ್ದು ಬೆರಳ ಸಂದುಗಳ ಚರ್ಮವೆಲ್ಲ ಬೆಳ್ಳಗೆ ನೆನೆದು ಸುಲಿಯುತ್ತಿತ್ತು. ಹೆಂಡತಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. "ನಡೀರಿ, ಡಾಕ್ಟರ ಹತ್ರ ಹೋಗೋಣ."

ಬೆರಳು ಬೇಕಾದರೆ ಕತ್ತರಿಸಿಕೊಂಡಾನು, ದರ್ಜಿ ಅಲ್ಲಿಗೆ ಮಾತ್ರ ಹೋಗಲಾರ. ಬೀದಿಯ ಕೊನೆಯ ಡಾಕ್ಟರಮ್ಮ ಬಿಳಿ ಕೋಟಿಗೆಂದು ಬಟ್ಟೆ ಕೊಟ್ಟು ಎಷ್ಟೋ ತಿಂಗಳಾಗಿತ್ತು. ಬಂದಾಗಲೆಲ್ಲ "ನಾಳೆ ಖಂಡಿತ" ಎಂದು ಸಾಗಹಾಕಿದ್ದವನು, ಈಚೆಗೆ ಆಕೆ ದೂರದಲ್ಲಿ ಕಂಡರೆ ಸಾಕು, ಬಿದ್ದ ಸೂಜಿ ಹುಡುಕುವವನಂತೆ ಮೇಜಿನ ಕೆಳಗೆ ತೂರಿಕೊಳ್ಳುತ್ತಿದ್ದ.

"ಯಾವ ಮುಖ ಇಟ್ಕೊಂಡು ಹೋಗ್ಲಿ ಹೇಳು?"

"ನಿಮ್ಮ ಮುಖ ಯಾರಿಗ್ರೀ ಬೇಕು? ಕಾಲು ತಗೊಂಡು ಬನ್ನಿ."

ಡಾಕ್ಟರಮ್ಮ ಕೋಟಿನ ಸುದ್ದಿ ಎತ್ತಲಿಲ್ಲ. ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿ, "ಈ ಉಗುರು ಕತ್ತರಿಸಿದ್ದು ಯಾರು?" ಎಂದರು.

"ನಾನೇ," ಎಂದ ದರ್ಜಿ. ನೋವಿನಲ್ಲೂ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. "ರೌಂಡ್ ಕಟಿಂಗ್. ಅಂಗಿ ತೋಳಿನ ಬುಡ ಕತ್ತರಿಸ್ತೀವಲ್ಲ, ಹಾಗೆ. ಎರಡೂ ಮೂಲೆ ಆಳಕ್ಕೆ ತೆಗೀದಿದ್ರೆ ಫಿನಿಶಿಂಗ್ ಎಲ್ಲಿ ಬರುತ್ತೆ ಡಾಕ್ಟ್ರೇ?"

"ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯಲ್ಲ ಮಾಸ್ಟ್ರೇ, ಉಗುರು ಬೆಳೆಯುತ್ತೆ. ಮೂಲೆ ತೆಗೆದ್ರೆ ದಾರಿ ಕಾಣದೆ ಮಾಂಸಕ್ಕೇ ನುಗ್ಗುತ್ತೆ. ಇನ್ಮೇಲೆ ನೇರಕ್ಕೆ ಕತ್ತರಿಸಿ."

"ನೇರ ಕಟಿಂಗಾ? ಅದನ್ನ ಯಾರು ಬೇಕಾದ್ರೂ ಮಾಡ್ತಾರೆ!" ಎಂದು ದರ್ಜಿ ಮುಖ ಸಿಂಡರಿಸಿಕೊಂಡ. ಆದರೆ ಡಾಕ್ಟರಮ್ಮನ ಕೈಯಲ್ಲಿ ಸೂಜಿ ಕಂಡದ್ದೇ ತಡ, ಹುಟ್ಟಿದಾಗಿನಿಂದ ಸೂಜಿಯನ್ನೇ ಕಾಣದವನ ಹಾಗೆ ಹೆಂಡತಿಯ ಕೈ ಅವುಚಿಕೊಂಡ.

ಚುಚ್ಚಿದ ಉಗುರಿನ ಚೂರು ತೆಗೆದು, ಕಟ್ಟು ಕಟ್ಟಿ, ಬೆರಳ ಸಂದಿಗೆ ಮುಲಾಮು ಕೊಟ್ಟು ಡಾಕ್ಟರಮ್ಮ ಹೇಳಿದರು: "ಕಾಲು ತೊಳೆದ್ಮೇಲೆ ಸಂದಿ ಸಂದಿ ಒರೆಸಿ ಒಣಗಿಸಿ. ಕಾಲುಚೀಲ ದಿನಾ ಒಗೀಬೇಕು. ಆ ಬಿಗಿ ಶೂ ಎಸೀರಿ. ನಾನು ಹೇಳೋವರೆಗೂ ಪೆಡಲ್ ತುಳಿಯೋ ಹಾಗಿಲ್ಲ."

ದರ್ಜಿಯ ಮುಖ ಅರಳಿತು. "ಛೇ, ಛೇ! ಹಾಗಾದ್ರೆ ನಿಮ್ಮ ಕೋಟು..."

"ಗಾಯ ಆಗಿರೋದು ಇವರ ಕಾಲಿಗೆ ಡಾಕ್ಟ್ರೇ," ಎಂದಳು ಹೆಂಡತಿ. "ನನ್ನ ಕಾಲು ನೆಟ್ಟಗಿದೆ."

ಮದುವೆಯಾದಂದಿನಿಂದ ಅವನು ಅವಳಿಗೆ ಗುಂಡಿ ಹಚ್ಚಲು ಬಿಟ್ಟಿದ್ದನೇ ಹೊರತು ಮಷೀನು ಮುಟ್ಟಲು ಬಿಟ್ಟಿರಲಿಲ್ಲ. ಈಗ ಸ್ಟೂಲು ತೆಗೆದು ಬೆಂಚು ಹಾಕಿ ಇಬ್ಬರೂ ಅಂಟಿಕೊಂಡು ಕೂತರು. ಕೈ ಅವನದು, ಕಾಲು ಅವಳದು. "ನಿಧಾನ!" ಎಂದು ಅವನು ಗದರಿದರೆ, "ನೀವೇ ಬೇಗ ತಳ್ಳಿ ಬಟ್ಟೆನ" ಎಂದು ಅವಳು. ಬೀದಿಯಲ್ಲಿ ಯಾರೇ ಹೋದರೂ ಪೆಡಲ್ ನಿಲ್ಲಿಸಿ ಹರಟೆಗಿಳಿಯುವುದು ಅವನ ಹಳೆಯ ಚಾಳಿ. ಅವಳ ಕಾಲಿಗೆ ಆ ಚಾಳಿ ಇರಲಿಲ್ಲ. ಸಂಜೆಯೊಳಗೆ ಬಿಳಿ ಕೋಟು ತಯಾರಾಯಿತು. ಅದನ್ನು ನೋಡಿ ದರ್ಜಿಯೇ ಕಣ್ಣುಕಣ್ಣು ಬಿಟ್ಟ.

ಬಾಕಿ ಬಟ್ಟೆಯ ಗುಡ್ಡವೂ ಕರಗಿತು. ಆದರೆ ಅವನಿಗೆ ಹಿತವಾಗಿದ್ದು ಬೇರೆ. ತುಳಿಯುತ್ತಾ ತುಳಿಯುತ್ತಾ ಅವಳು ಸಣ್ಣಗೆ ಹಾಡು ಗುನುಗುತ್ತಿದ್ದಳು, ಅಕ್ಕಪಕ್ಕದವರ ಸುದ್ದಿಯನ್ನು ಅವರದೇ ದನಿಯಲ್ಲಿ ಹೇಳಿ ನಗಿಸುತ್ತಿದ್ದಳು. ಮೂಲೆಯಲ್ಲಿ ಕೂತಿದ್ದಾಗಲೂ ಇದೆಲ್ಲ ಇವಳೊಳಗೆ ಇತ್ತೇ ಎಂದು ಅವನಿಗೆ ಸಂತೋಷದ ಜೊತೆ ನಾಚಿಕೆಯೂ ಆಯಿತು. ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ.

ಹೊಸ ಕೋಟು ತೊಟ್ಟ ಡಾಕ್ಟರಮ್ಮ ಒಂದು ಬೆಳಿಗ್ಗೆ ಕಟ್ಟು ಬಿಚ್ಚಿ, "ಪೂರ್ತಿ ವಾಸಿ ಮಾಸ್ಟ್ರೇ! ಇವತ್ತಿಂದಲೇ ಪೆಡಲ್ ತುಳೀಬಹುದು" ಎಂದಾಗ ದರ್ಜಿಯ ಮುಖ ಇಷ್ಟುದ್ದ ಇಳಿಯಿತು.

ಮರಳಿ ಬಂದು ಹಿತ್ತಲ ಬಾಗಿಲಿನಿಂದ ಅಂಗಡಿಯ ಒಳಕೋಣೆಗೆ ಹೊಕ್ಕವನು ಸ್ವಲ್ಪ ಹೊತ್ತಿನ ಮೇಲೆ ಕುಂಟುತ್ತಾ ಹೊರಬಂದ.

"ಏನಂದ್ರು ಡಾಕ್ಟ್ರು?" ಎಂದಳು ಹೆಂಡತಿ.

"ಇನ್ನೂ ಸ್ವಲ್ಪ ದಿನ ಪೆಡಲ್ ಮುಟ್ಟಬೇಡಿ ಅಂದ್ರು," ಎಂದ, ಟೇಪನ್ನು ಸುತ್ತುತ್ತಾ, ಅವಳ ಕಡೆ ನೋಡದೆ.

ಹೆಂಡತಿ ಅವನ ಕಾಲು ನೋಡಿದಳು. ಲೈನಿಂಗ್ ಬಟ್ಟೆಯ ಪಟ್ಟಿಯೊಂದು ಹೆಬ್ಬೆರಳನ್ನು ಅಚ್ಚುಕಟ್ಟಾಗಿ ಸುತ್ತಿಕೊಂಡಿತ್ತು. ಗಾಯವಾಗಿದ್ದು ಬಲಗಾಲಿಗೆ. ಪಟ್ಟಿ ಇದ್ದದ್ದು ಎಡಗಾಲಿಗೆ.

ಅವಳು ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟು, ಪೆಡಲಿನ ಮೇಲೆ ಕಾಲಿಟ್ಟಳು.