ರಸ್ತೆ ಕಡೆಯ ಕಿಟಕಿ

ಅದೊಂದು ಕಿಟಕಿ ಬಿಟ್ಟು ಉಳಿದದ್ದನ್ನೆಲ್ಲ ಸುಪ್ರಿಯಾ ತೆರೆದಿಟ್ಟಿದ್ದಳು.

ಹಿರಿಯೂರಿನಲ್ಲಿ ಟೀಚರಾಗಿದ್ದ ಅವಳಿಗೆ ಈಚೆಗೆ ಭಾನುವಾರವೆಂದರೆ ಇದೇ ಪಾಡು. ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬರುವುದು, ಕೋಟೆ ಕೆಳಗೆ ತಾನು ಕೊಂಡ ಮಹಡಿ ಮನೆಯನ್ನು ಬಾಡಿಗೆಗೆ ತೋರಿಸುವುದು, ಬೀಗ ಹಾಕಿಕೊಂಡು ಹೋಗುವುದು. ಬೀದಿಯಲ್ಲಿ ಗಲಾಟೆಯಿಲ್ಲ, ಸಂಜೆ ಗುಡಿಯಲ್ಲಿ ಭಜನೆ, ಹೊಸ್ತಿಲು ಹೊಸ್ತಿಲಿಗೂ ರಂಗೋಲಿ. ಮೆಟ್ಟಿಲು ಹಿಂದಿನ ಓಣಿಗಿದ್ದದ್ದು ಪುಣ್ಯ. ಹತ್ತಿ ಬಂದವರು ಎಲ್ಲವನ್ನೂ ಮೆಚ್ಚಿ, ಕಡೆಗೆ ಆ ಕಿಟಕಿ ತೆರೆದು, 'ಫೋನ್ ಮಾಡ್ತೀವಿ' ಎಂದು ಇಳಿದುಬಿಡುತ್ತಿದ್ದರು. ಇವತ್ತೂ ಹೀಗಾದರೆ ಮನೆ ಮಾರಿಬಿಡುವುದೆಂದು ಅವಳು ತೀರ್ಮಾನಿಸಿದ್ದಳು. ಅಷ್ಟು ಸಾಕಾಗಿ ಹೋಗಿತ್ತು.

ಇವತ್ತು ಬಂದವನು ಮುದುಕ, ತಿಮ್ಮರಾಯಪ್ಪ. ಬೋಳಿಸಿದ ತಲೆಯ ಮೇಲೆ ಟವೆಲ್. ಮುಂಗೈ ತುಂಬ ಒಣಗಿದ ಗೀರುಗಳು. ತಿರುಪತಿಗೆ ಹೋಗಿ ಬಂದಿರಬೇಕು ಎಂದುಕೊಂಡಳು.

"ನೀರು ಬೆಳಿಗ್ಗೆ ಬರ್ತೈತೆ, ದಿನಾ ಅಲ್ಲ."

"ಗೊತ್ತಮ್ಮ."

"ಒಬ್ಬರೇ ಏನ್ರಿ?"

"ಈಗ ಒಬ್ಬನೇ. ಮೂರು ತಿಂಗಳಿಗೆ ಸಾಕು."

ಮೂರು ತಿಂಗಳಿಗೆ ಯಾರಾದರೂ ಮನೆ ಹಿಡಿಯುತ್ತಾರೆಯೇ? ಕೇಳುವ ಚೈತನ್ಯ ಅವಳಿಗಿರಲಿಲ್ಲ. ಮುದುಕ ಅಡುಗೆಮನೆ ನೋಡಲಿಲ್ಲ, ಬಚ್ಚಲು ನೋಡಲಿಲ್ಲ. ನೇರ ಆ ಕಿಟಕಿಯ ಹತ್ತಿರ ಹೋಗಿ ನಿಂತ.

"ಇದನ್ನ ತೆಗೀರಮ್ಮ."

"ಅದು ಬಿಗಿ ಐತೆ."

"ಇದು ತೆಗೆದ್ರೇನೇ ನಂಗೆ ಮನೆ ಬೇಕು."

ಸುಪ್ರಿಯಾಳಿಗೆ ಸುಳ್ಳು ಹೇಳಿಯೂ ಸುಸ್ತಾಗಿತ್ತು. "ಯಜಮಾನ್ರೆ, ಎದುರು ಮನೇಲಿ ಯಾರೋ ಕೆಟ್ಟ ನಕ್ಷತ್ರದಾಗೆ ತೀರ್ಕಂಡವ್ರಂತೆ. ಬಾಗಿಲಿಗೆ ಜಾಲಿ ಮುಳ್ಳು ಹಾಕಿ, ಮನೆ ಬಿಟ್ಟು ಹೋಗವ್ರೆ. ಅದನ್ನ ನೋಡ್ದೋರು ಯಾರೂ ಇಲ್ಲಿ ನಿಲ್ಲಲ್ಲ. ನೀವೂ ಹೋಗ್ರಿ, ನಂಗೇನು ಬೇಜಾರಿಲ್ಲ."

ಚಿಲಕ ಎಳೆದು ಕಿಟಕಿ ತೆರೆದಳು. ಎದುರಿಗೆ ಬೀಗ, ಮುಳ್ಳಿನ ಕೊಂಬೆ, ರಂಗೋಲಿಯಿಲ್ಲದ ಹೊಸ್ತಿಲು.

ಮುದುಕ ಹೋಗಲಿಲ್ಲ. ಸರಳು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಗೋಡೆಗೊರಗಿ ಅಲ್ಲೇ ಕುಳಿತುಕೊಂಡ.

"ಹೊಳಲ್ಕೆರೆ ತಂಗಿ ಮನೇಲಿ ನಿದ್ದೆ ಹತ್ತಲಿಲ್ಲಮ್ಮ. ಹೋದಾಕಿ ನನ್ನ ಹೆಂಡ್ತಿ. ಇನ್ನ ಮೂರು ತಿಂಗಳು ಆ ಬಾಗಿಲು ತೆಗೆಯಂಗಿಲ್ಲ. ಆ ಮುಳ್ಳು ನಾನೇ ಕಡಿದು ತಂದು ಹಾಕಿದ್ದು."