ಕೆರೆ ನೋಡಲು ಬಂದವರು

ಆ ಸೀಮೆಯ ಕೆರೆ ಏರಿಗಳ ಮೇಲೆ ಕೂತವರು ಇಂದಿಗೂ ಹೇಳುವ ಸಂಗತಿಯಿದು. ಮೊಮ್ಮಕ್ಕಳ ಕಾಲಕ್ಕೂ ನೀರು ನಿಲ್ಲಲೆಂದು ಅರಸನು ಕೊಟ್ಟ ಹಣದಿಂದ ಊರವರು ಪುಟ್ಟ ಕೆರೆಯೊಂದನ್ನು ಕಟ್ಟಿದ್ದರು. ನಿಂತ ನೀರನ್ನು ಅರಸನ ಅಧಿಕಾರಿಗಳು ಕಣ್ಣಾರೆ ಕಂಡರೆ ಕಾಲುವೆಗೂ ಹಣ ಸಿಗುವುದಿತ್ತು. ಬೇಸಗೆಯಲ್ಲೂ ತುಂಬಿದ್ದ ಕೆರೆಯನ್ನು ಕಂಡು, ಅದನ್ನು ಕಾಯುವ ನೀರುಗಂಟಿಯ ಎದೆ ಉಬ್ಬಿತ್ತು.

ಅಧಿಕಾರಿಗಳು ಆನೆಗಳ ಮೇಲೆ ಬಂದಿಳಿದು ಡೇರೆ ಹೊಕ್ಕರು. ಮಾವುತರು ಆನೆಗಳನ್ನು ಕೆರೆಗಿಳಿಸಿದರು.

“ಬುದ್ಧಿ, ಒಂದ್ಗಳಿಗೆ ಬಂದು ನೀರು ನೋಡ್ಬುಡಿ,” ಎಂದು ನೀರುಗಂಟಿ ಅಂಗಲಾಚಿದನು.

“ಹಿಂದಿನ ವರದಿಗಳನ್ನೆಲ್ಲ ಓದಿ ಮುಗಿಸದೆ ನೀರು ನೋಡೋ ಪದ್ಧತಿ ಇಲ್ಲಪ್ಪ,” ಎಂದರು ಹಿರಿಯ ಅಧಿಕಾರಿ.

“ಅಷ್ಟೊತ್ಗೆ ನೋಡಕ್ಕೆ ಆನೆ ಮಾತ್ರ ಉಳೀತವೆ, ಬುದ್ಧಿ.”

ಓದು ಮುಗಿಯಲು ವಾರ ಹಿಡಿಯಿತು. ಹಿರಿಯ ಅಧಿಕಾರಿ ಏರಿ ಹತ್ತಿ ನೋಡಿದರೆ ಕೆಳಗೆ ಬರಿಯ ಕೆಸರು, ಅದರಲ್ಲಿ ಹೊರಳುವ ಆನೆಗಳು.

“ನೀರೆಲ್ಲಯ್ಯಾ?”

“ನಿಮ್ಮಾನೆ ಹೊಟ್ಟೇಲಿ, ಬುದ್ಧಿ.”

“ನಮ್ಮನ್ನು ಕಳಿಸಿರೋದು ಕೆರೆ ನೋಡೋಕೆ, ಆನೆ ನೋಡೋಕಲ್ಲ.”

ಮುಂದಿನ ಹುಣ್ಣಿಮೆಯೊಳಗೆ ಅರಸನ ಅಪ್ಪಣೆ ಬಂದಿತು: ಮೇಲ್ವಿಚಾರಣೆ ಸಾಲದೆ ಕೆರೆ ಬತ್ತಿರುವುದರಿಂದ, ಕಾಲುವೆಯ ಹಣದಲ್ಲಿ ಅಧಿಕಾರಿಗಳ ಓಡಾಟಕ್ಕೆ ಇನ್ನಷ್ಟು ಆನೆಗಳನ್ನು ಕೊಳ್ಳಲಾಗಿದೆ.